ಅಕ್ಕಿ ಬಂತು, ಕೂಲಿ ಬರಲಿಲ್ಲ

(ಹಾಸನದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೇರಿಗಳಿಂದ ಟ್ರಂಕು ಹೊತ್ತು ಹಾಸನಕ್ಕೆ ಬಂದವರು ನಾವು. ಊರಲ್ಲಿ ಗಲಾಟೆ ಆದರೆ ಏನೇನು ನಡೆಯುತ್ತೆ ಅನ್ನೋದನ್ನು ಪುಸ್ತಕ ನೋಡಿ ಕಲಿಯಬೇಕಿಲ್ಲ. ಮೊದಲು ಕಲ್ಲು ಬರುತ್ತೆ. ಆಮೇಲೆ ಜೀಪು. ಅದರ ಹಿಂದೆ ಅಕ್ಕಿ ಮೂಟೆ, ಕಂಬಳಿ, ಫೋಟೋ ತೆಗೆಯೋರು. ಕಡೆಗೆ ಶಾಂತಿ ಸಭೆ.

ಅರಕಲಗೂಡು ಕಡೆಯ ಒಂದು ಕೇರಿಗೆ ನಾವು ಹೋಗಿದ್ದೆವು. ಬಹಿಷ್ಕಾರ ಹಾಕಿ ಹದಿನೈದು ದಿನವಾಗಿತ್ತು. ಅಂಗಡಿಯಲ್ಲಿ ಸಾಮಾನು ಕೊಡಲ್ಲ, ಮಿಲ್ಲಲ್ಲಿ ರಾಗಿ ಬೀಸಲ್ಲ, ಆಲೂಗೆಡ್ಡೆ ಕೀಳೋಕೆ ಕರೆಯಲ್ಲ. ಯಾರೋ ಪುಣ್ಯಾತ್ಮರು ಅಕ್ಕಿ ಹಂಚಿ ಹೋಗಿದ್ದರು. ಒಬ್ಬ ಅಜ್ಜಿ ಅಂದಳು: "ಅಕ್ಕಿ ಕೊಟ್ರು ಕಣ್ ಮಗ, ಅವರ ಹೊಟ್ಟೆ ತಣ್ಣಗಿರ್ಲಿ. ಕೂಲಿ ಕೊಡ್ಸಿ ಅಂದೆ, ಒಬ್ರೂ ಮಾತಾಡ್ಲಿಲ್ಲ."

ಆ ಅಕ್ಕಿಯನ್ನು ನಾವು ಹೀಗಳೆಯೋದಿಲ್ಲ. ಹಸಿದವರ ಒಲೆ ಉರಿಯಲೇಬೇಕು. ಆದರೆ ಕೂಲಿ ಕಸಿದವನ ಹೆಸರು ಹೇಳದ ಅಕ್ಕಿ ಕಸಿದವನಿಗೂ ಅನುಕೂಲ. ಕೇರಿ ಸುಮ್ಮನಾಯ್ತಲ್ಲ ಅಂತ ಅವನೂ ನೆಮ್ಮದಿಯಾಗಿ ನಿದ್ದೆ ಮಾಡ್ತಾನೆ.

2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಹೊಸಿಲು ದಾಟಿದರು. ದಂಡ ಕಟ್ಟಿ ಅಂದರು. ಅಲ್ಲೂ ಶಾಂತಿ ಸಭೆ ಆಯಿತು. ನಾವು ಕೇಳ್ತೀವಿ: ದಂಡ ಕೇಳಿದವನನ್ನೂ ಕೇಳಿಸಿಕೊಂಡವಳನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ 'ಇಬ್ಬರೂ ಹೊಂದಿಕೊಂಡು ಹೋಗಿ' ಅನ್ನೋದು ಯಾವ ಸೀಮೆ ಶಾಂತಿ?

ದೂರದ ದೇಶಗಳಲ್ಲೂ ಇದೇ ಪ್ರಶ್ನೆ ಎದ್ದಿದೆ. 1967ರಿಂದ 70ರವರೆಗೆ ನಡೆದ ಬಿಯಾಫ್ರಾ ಯುದ್ಧದಲ್ಲಿ ರೆಡ್ ಕ್ರಾಸ್ ಜೊತೆ ದುಡಿದ ಕೆಲವು ಫ್ರೆಂಚ್ ಡಾಕ್ಟರುಗಳಿಗೆ, ಗಾಯಕ್ಕೆ ಪಟ್ಟಿ ಕಟ್ಟಿ ಬಾಯಿಗೂ ಪಟ್ಟಿ ಕಟ್ಟಿಕೊಳ್ಳೋದು ಸಾಧ್ಯವಾಗಲಿಲ್ಲ. 1971ರಲ್ಲಿ ಅಂಥವರೂ ಸೇರಿ ಗಡಿಯಿಲ್ಲದ ಡಾಕ್ಟರುಗಳ ಸಂಘ ಕಟ್ಟಿದರು. ಔಷಧಿ ಕೊಡೋದು, ಕಂಡದ್ದನ್ನು ಹೇಳೋದು, ಎರಡೂ ಕೆಲಸವೇ ಅಂದರು.

ನಮಗೆ ಸರ್ಕಾರದ ಪರಿಹಾರ ಭಿಕ್ಷೆಯಲ್ಲ, ಹಕ್ಕು. 1989ರ ದೌರ್ಜನ್ಯ ತಡೆ ಕಾಯ್ದೆ, 1995ರ ನಿಯಮಗಳು ಅದನ್ನು ಕೊಟ್ಟಿವೆ. 2016ರ ತಿದ್ದುಪಡಿಯಂತೆ ಕೊಲೆಗೆ 8 ಲಕ್ಷ 25 ಸಾವಿರ. ಅರ್ಧ ಪೋಸ್ಟ್‌ಮಾರ್ಟಂ ಆದ ಮೇಲೆ, ಉಳಿದರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ. ಇಲ್ಲೊಂದು ಸೂಕ್ಷ್ಮ ನೋಡಿ. ದುಡ್ಡು ಮುಗಿಯುವ ಹೊತ್ತಿಗೆ ಸಾಕ್ಷಿಯ ಭಯ ಶುರುವಾಗುತ್ತೆ.

2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಮಂತ್ರಿಗಳು ಬಂದರು, ಪರಿಹಾರ ಬಂತು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಆರು ವರ್ಷ ಸಾಕ್ಷಿಗಳ ಪಕ್ಕದಲ್ಲಿ ನಾವೆಷ್ಟು ಜನ ಕೂತಿದ್ದೆವು?

ಅದಕ್ಕೇ ನಮ್ಮ ಕೆಲಸ ಇಷ್ಟು. ಅಕ್ಕಿ ಜೊತೆ ಎಫ್‌ಐಆರ್ ಪ್ರತಿಯನ್ನೂ ಕೇಳೋಣ. ಬಹಿಷ್ಕಾರವೂ ಈ ಕಾಯ್ದೆಯಲ್ಲಿ ಅಪರಾಧ ಅಂತ ಕೇರಿ ಕೇರಿಯಲ್ಲಿ ಓದಿ ಹೇಳೋಣ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ಸೇರಿತಾ ಅಂತ ವಿಚಾರಿಸೋಣ. ಪರಿಹಾರ ಬಂತಲ್ಲ, ರಾಜಿ ಆಗಿ ಅಂದವರಿಗೆ, ದುಡ್ಡು ಗಾಯಕ್ಕೆ, ಕೇಸು ನ್ಯಾಯಕ್ಕೆ ಅನ್ನೋಣ. ವಾಯಿದೆ ದಿನ ಸಾಕ್ಷಿ ಹೇಳೋ ಅವ್ವನ ಜೊತೆ ಬಸ್ಸು ಹತ್ತೋಣ. ಕೋರ್ಟಿನ ಬೆಂಚಲ್ಲಿ ಅವಳ ಪಕ್ಕ ಕೂರೋಣ.

ಒಂದು ದಿನದ ಕ್ಲಾಸು ಹೋದರೆ ಹೋಗಲಿ. ಅವಳು ಒಂಟಿಯಾಗಬಾರದು.

ಜೈ ಭೀಮ್.