ಆಮೆಗಳ ದ್ವೀಪಕ್ಕೆ ಪ್ರವಾಸದ ಸಿದ್ಧತೆ

(ವಿದ್ಯಾರ್ಥಿಗಳ ಹಾಗೂ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಿಮ್ಮನ್ನು ಬಹಳ ದೂರದ ಒಂದು ಪ್ರವಾಸಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅಲ್ಲಿಗೆ ನಾನೂ ಹೋಗಿಲ್ಲ. ಶಿಕ್ಷಕರ ಸಂಬಳದಲ್ಲಿ ಅದು ಸುಲಭದ ಮಾತೂ ಅಲ್ಲ. ಆದರೆ ಒಂಬತ್ತನೇ ತರಗತಿಯ ಮಕ್ಕಳೂ ನಾನೂ ಸೇರಿ ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಕುಳಿತು, ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಆ ಪ್ರವಾಸದ ಪೂರ್ತಿ ಯೋಜನೆ ಬರೆದಿದ್ದೇವೆ. ಯಾವ ತಿಂಗಳು, ಯಾವ ದಾರಿ, ಚೀಲದಲ್ಲಿ ಏನು, ಖರ್ಚು ಎಷ್ಟು ಎಲ್ಲವೂ ಅದರಲ್ಲಿದೆ.

ಸ್ಥಳದ ಹೆಸರು ಗಲಾಪಗೋಸ್. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದ ದ್ವೀಪಗಳು. ಆ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1000 ಕಿ.ಮೀ. ದೂರದಲ್ಲಿ, ಪೆಸಿಫಿಕ್ ಸಾಗರದ ನಡುವೆ ಇವೆ. ಸಮುದ್ರದ ತಳದಿಂದ ಜ್ವಾಲಾಮುಖಿಗಳು ಉಗುಳಿದ ಲಾವಾ ಗಟ್ಟಿಯಾಗಿ ಹುಟ್ಟಿದ ನೆಲ ಅದು. ಕೆಲಸ ಇನ್ನೂ ಮುಗಿದಿಲ್ಲ. 2022ರಲ್ಲಿ ಇಸಾಬೆಲಾ ದ್ವೀಪದ ವುಲ್ಫ್ ಪರ್ವತ, 2024ರಲ್ಲಿ ಫರ್ನಾಂಡಿನಾ ದ್ವೀಪದ ಪರ್ವತ ಲಾವಾ ಉಗುಳಿದವು. ನಾವು ಉರ್ದುವಿನಲ್ಲಿ ಕಛುವಾ, ಕನ್ನಡದಲ್ಲಿ ಆಮೆ ಎನ್ನುವುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಗಲಾಪಗೋ ಎಂಬ ಮಾತಿದೆ. ದ್ವೀಪಗಳಿಗೆ ಹೆಸರು ಬಂದದ್ದು ಅದರಿಂದಲೇ.

ಮೊದಲ ದಿನವೇ ಒಬ್ಬ ಹುಡುಗ ಕೇಳಿದ, "ಟೀಚರ್, ಅಷ್ಟು ದೂರ ಹೋದ ಮೇಲೆ ಪ್ರಾಣಿಗಳು ನಮ್ಮನ್ನು ಕಂಡು ಓಡಿಹೋದರೆ?" ಓಡುವುದಿಲ್ಲ ಎಂಬುದೇ ಆ ದ್ವೀಪಗಳ ವಿಶೇಷ. ನೆಲದ ಮೇಲೆ ಬೇಟೆಯಾಡುವ ದೊಡ್ಡ ಪ್ರಾಣಿ ಅಲ್ಲಿ ಇರಲಿಲ್ಲ, ಮನುಷ್ಯನೂ ಇರಲಿಲ್ಲ. ಪನಾಮಾದ ಬಿಷಪ್ ಒಬ್ಬರ ಹಡಗು ಗಾಳಿಯಿಲ್ಲದೆ ತೇಲುತ್ತಾ ಅಲ್ಲಿಗೆ ತಲುಪಿದ್ದು 1535ರಲ್ಲಿ. ಹೀಗಾಗಿ ಅಲ್ಲಿನ ಜೀವಿಗಳಿಗೆ ನಮ್ಮ ಮೇಲೆ ಅನುಮಾನವಿಲ್ಲ. ಸಮುದ್ರ ಸಿಂಹಗಳು ಬಂದರಿನ ಬೆಂಚುಗಳ ಮೇಲೆ ಮಲಗಿರುತ್ತವೆ. ನೀಲಿ ಕಾಲಿನ ಬೂಬಿ ಹಕ್ಕಿ ಕಾಲುದಾರಿಯ ಪಕ್ಕದಲ್ಲೇ ಮೊಟ್ಟೆ ಇಡುತ್ತದೆ. ಆ ನಂಬಿಕೆಗೆ ಸಿಕ್ಕಿದ ಪ್ರತಿಫಲ ಏನು ಗೊತ್ತೇ? ಅಲ್ಲಿನ ದೈತ್ಯ ಆಮೆ ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಅದಕ್ಕೇ ತಿಮಿಂಗಿಲ ಬೇಟೆಯ ಹಡಗಿನವರು ಅವನ್ನು ಜೀವಂತವಾಗಿ ಹಡಗಿಗೆ ತುಂಬಿಕೊಂಡು, ಬೇಕೆನಿಸಿದಾಗ ಕೊಯ್ದು ತಿನ್ನುತ್ತಿದ್ದರು. 1835ರಲ್ಲಿ ಡಾರ್ವಿನ್ ಬಂದ ಬೀಗಲ್ ಹಡಗಿನವರೂ ಇದನ್ನೇ ಮಾಡಿದರು. ಪಾಠಪುಸ್ತಕದಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ.

ಇನ್ನು ತಿಂಗಳ ಆಯ್ಕೆ. ಜನವರಿಯಿಂದ ಮೇವರೆಗೆ ಅಲ್ಲಿ ಸೆಖೆ, ಆಗಾಗ ಮಳೆ, ಶಾಂತವಾದ ಬೆಚ್ಚಗಿನ ಸಮುದ್ರ. ಜೂನ್‌ನಿಂದ ಡಿಸೆಂಬರ್‌ವರೆಗೆ ಹಂಬೋಲ್ಟ್ ಪ್ರವಾಹದ ತಣ್ಣೀರು ಬಂದು ತಂಪು, ಮಂಜಿನಂಥ ತುಂತುರು. ಆ ತಣ್ಣೀರು ಮೀನನ್ನು ತರುತ್ತದೆ, ಮೀನಿನ ಹಿಂದೆ ಹಕ್ಕಿಗಳು. ಸಮಭಾಜಕ ವೃತ್ತದ ಮೇಲೆಯೇ ಪೆಂಗ್ವಿನ್ ಬದುಕಿರುವುದು ಅದರಿಂದಾಗಿ. ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿ ಗೂಡು ಕಟ್ಟಲು ಎಸ್ಪನ್ಯೋಲಾ ದ್ವೀಪಕ್ಕೆ ಬರುವುದು ಏಪ್ರಿಲ್ ಹೊತ್ತಿಗೆ, ಬಿಡುವುದು ಡಿಸೆಂಬರ್‌ಗೆ. ಸಮುದ್ರವೂ ಶಾಂತ, ಆಲ್ಬಟ್ರಾಸ್ ಕೂಡ ಹಾಜರು, ನಮ್ಮ ಶಾಲೆಗೂ ಬೇಸಿಗೆ ರಜೆ. ತರಗತಿ ಒಕ್ಕೊರಲಿನಿಂದ ಏಪ್ರಿಲ್ ಎಂದಿತು.

ದಾರಿಯ ವಿಷಯ ಬೇಗ ಮುಗಿಸುತ್ತೇನೆ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಎರಡು ಮೂರು ಕಡೆ ಬದಲಿಸಬೇಕು. ವಿಮಾನ ಬದಲಿಸುವ ದೇಶಕ್ಕೂ ವೀಸಾ ಬೇಕೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಈಕ್ವೆಡಾರ್‌ನ ಕೀಟೋ ಅಥವಾ ಗ್ವಯಾಕಿಲ್ ನಗರದಿಂದ ದ್ವೀಪಗಳಿಗೆ ವಿಮಾನವಿದೆ. ಇಲ್ಲಿ ಸಂಜೆ ಆರೂವರೆ ಆದಾಗ ಅಲ್ಲಿ ಬೆಳಿಗ್ಗೆ ಏಳು ಗಂಟೆ. ಮಲಗುವ ಹೊತ್ತು ಏಳುವ ಹೊತ್ತು ಎಲ್ಲ ತಲೆಕೆಳಗು.

ಅಲ್ಲಿ ಇಳಿದ ಮೇಲೆ ಎರಡು ಬಗೆ. ಸಾಂತಾ ಕ್ರೂಸ್, ಸಾನ್ ಕ್ರಿಸ್ಟೋಬಲ್, ಇಸಾಬೆಲಾ ದ್ವೀಪಗಳಲ್ಲಿ ಊರುಗಳಿವೆ. ಅಲ್ಲಿ ಕೊಠಡಿ ಹಿಡಿದು ದಿನಕ್ಕೊಂದು ದೋಣಿಯಲ್ಲಿ ಹೋಗಿಬರುವುದು ಅಗ್ಗ. ಹಡಗಿನಲ್ಲೇ ವಾರವಿಡೀ ಉಳಿಯುವುದು ದುಬಾರಿ, ಕೆಲವು ಸಾವಿರ ಡಾಲರ್. ಆದರೆ ಹಾರಲಾರದ ನೀರುಕಾಗೆ ಮತ್ತು ರಾಶಿ ರಾಶಿ ಕಡಲ ಉಡಗಳಿರುವ ಫರ್ನಾಂಡಿನಾ ದ್ವೀಪ ಕಾಣಬೇಕಾದರೆ ಹಡಗೇ ಬೇಕು. ಉಡ ಸಮುದ್ರಕ್ಕೆ ಧುಮುಕಿ ಪಾಚಿ ಮೇಯುವುದು ಪ್ರಪಂಚದಲ್ಲಿ ಇಲ್ಲಿ ಮಾತ್ರ. ನಾವು ಕಾಗದದ ಮೇಲೆ ಹೋಗುವವರಾದ್ದರಿಂದ ಹಡಗನ್ನೇ ಬರೆದುಕೊಂಡೆವು! ಊಟದ ಬಗ್ಗೆ ತಾಯಂದಿರಿಗೆ ಚಿಂತೆ ಬೇಡ. ಮೀನು, ಅನ್ನ, ಬಾಳೆಕಾಯಿ ಧಾರಾಳ. ಮಾಂಸ ಬೇಡವೆಂದು ಮೊದಲೇ ತಿಳಿಸಿದರೆ ಆಯಿತು.

ಚೀಲದ ಪುಟಕ್ಕೆ ಬಂದಾಗ ಮಕ್ಕಳು ಮಾವಿನಹಣ್ಣು, ಹುಣಸೆಹಣ್ಣು, ಹುರಿಯದ ಕಡಲೆಕಾಯಿ ಎಂದು ಉತ್ಸಾಹದಿಂದ ಪಟ್ಟಿ ಮಾಡಿದರು. ನಾನು ಒಂದೊಂದನ್ನೇ ಹೊಡೆದುಹಾಕಿದೆ. ದ್ವೀಪಗಳ ವಿಮಾನ ಹತ್ತುವ ಮೊದಲು ಸಾಮಾನನ್ನು ತಪಾಸಣೆ ಮಾಡುತ್ತಾರೆ. ತಾಜಾ ಹಣ್ಣು, ಬೀಜ, ಮಣ್ಣು ಯಾವುದಕ್ಕೂ ಪ್ರವೇಶವಿಲ್ಲ. ಶೂ ತಳಕ್ಕೆ ಅಂಟಿದ ಕೆಸರನ್ನೂ ತೊಳೆದು ಹೋಗಬೇಕು. "ಒಂದು ಬೀಜದಿಂದ ಏನಾಗುತ್ತದೆ ಟೀಚರ್?" ಎಂದಾಗ ನಾನು ಹೇಳಿದ್ದು ನಮ್ಮದೇ ಕಡೆಯ ಒಂದು ಗಿಡದ ಕಥೆ. ಭಾರತದಲ್ಲೂ ಸಹಜವಾಗಿ ಬೆಳೆಯುವ ಒಂದು ಮುಳ್ಳುಪೊದೆ ಇದೆ. ಅದರ ಹಣ್ಣಿಗೆ ಇಂಗ್ಲಿಷಿನಲ್ಲಿ ಮೈಸೂರ್ ರಾಸ್‌ಬೆರಿ ಎಂದೇ ಹೆಸರು. ಹಣ್ಣಿಗಾಗಿ ಯಾರೋ ಗಲಾಪಗೋಸ್‌ಗೆ ತಂದು ನೆಟ್ಟರು. ಹಕ್ಕಿಗಳು ತಿಂದು ಬೀಜ ಹರಡಿದವು. ಈಗ ಸಾಂತಾ ಕ್ರೂಸ್ ಮುಂತಾದ ದ್ವೀಪಗಳ ಎತ್ತರದ ಕಾಡುಗಳಲ್ಲಿ ಅದು ಆಳೆತ್ತರ ಹಬ್ಬಿ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಅಲ್ಲಿನ ಮರಗಳ ಸಸಿ ಏಳದಂತೆ ಮಾಡಿದೆ. ಮೈಸೂರಿನ ಹೆಸರು ಅಷ್ಟು ದೂರದಲ್ಲಿ ಈ ರೀತಿ ಕೇಳಿಬರುವುದನ್ನು ಓದಿ ನನಗಂತೂ ನಾಚಿಕೆಯಾಯಿತು, ತಪ್ಪು ಗಿಡದ್ದಲ್ಲವಾದರೂ.

ಆಡಿನ ಕಥೆ ಇನ್ನೂ ಕಷ್ಟದ್ದು. 1959ರಲ್ಲಿ ಮೀನುಗಾರರು ಪಿಂಟಾ ದ್ವೀಪದಲ್ಲಿ ಕೆಲವೇ ಆಡುಗಳನ್ನು ಬಿಟ್ಟರು. ಸುಮಾರು ಹದಿನೈದು ವರ್ಷಗಳಲ್ಲಿ ಅವು ಹತ್ತಾರು ಸಾವಿರವಾದವು. ಆಡು ಮುಟ್ಟದ ಸೊಪ್ಪಿಲ್ಲ ಎಂದು ನಾವೇ ಹೇಳುತ್ತೇವಲ್ಲ. ಮೊದಲೇ ಹಡಗಿನವರ ಕೈಗೆ ಸಿಕ್ಕಿ ನಾಶವಾಗಿದ್ದ ಆ ದ್ವೀಪದ ಆಮೆಗಳಲ್ಲಿ 1971ರಲ್ಲಿ ಕಂಡದ್ದು ಒಂದೇ ಒಂದು ಗಂಡು. ಅದಕ್ಕೆ ಒಂಟಿ ಜಾರ್ಜ್ ಎಂದು ಹೆಸರಾಯಿತು. 2012ರ ಜೂನ್ 24ರಂದು ಜಾರ್ಜ್ ಸತ್ತಾಗ ಆ ವಂಶವೇ ಮುಗಿಯಿತು. ಇಸಾಬೆಲಾ, ಸಾಂಟಿಯಾಗೋ ದ್ವೀಪಗಳಲ್ಲಿ ಉಳಿದ ಆಮೆಗಳಿಗಾಗಿ 1997ರಿಂದ 2006ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಆಡುಗಳನ್ನು ಕೊಂದರು, ಹಲವನ್ನು ಹೆಲಿಕಾಪ್ಟರ್‌ನಿಂದ ಗುಂಡಿಟ್ಟು. ಇದನ್ನು ಹೇಳಿದ ದಿನ ತರಗತಿ ಎರಡು ಪಾಲಾಯಿತು. ಮನೆಯಲ್ಲಿ ಆಡು ಸಾಕಿದ್ದ ಒಬ್ಬ ಹುಡುಗಿ ಎದ್ದು ನಿಂತು, "ತಂದು ಬಿಟ್ಟವರು ಮನುಷ್ಯರು, ಗುಂಡು ತಿಂದದ್ದು ಆಡು. ಇದು ಯಾವ ನ್ಯಾಯ?" ಎಂದಳು. ಇನ್ನೊಬ್ಬಳು, "ಹಾಗಾದರೆ ಆಮೆ ಹಸಿವಿನಿಂದ ಸಾಯಲಿ ಎನ್ನುತ್ತೀಯಾ?" ಎಂದಳು. ಗಂಟೆ ಹೊಡೆದರೂ ವಾದ ನಿಲ್ಲಲಿಲ್ಲ. ಕೊಲ್ಲದೆ ಬೇರೆ ದಾರಿ ಇರಲಿಲ್ಲವೆಂದೇ ನನಗೂ ಅನಿಸುತ್ತದೆ. ಆದರೆ ಮೊದಲನೆಯವಳಿಗೆ ಸಮಾಧಾನವಾಗುವ ಉತ್ತರ ನನ್ನಲ್ಲಿಲ್ಲ. ಅವಳ ಪ್ರಶ್ನೆಯನ್ನೂ ಚೀಲದ ಪುಟದಲ್ಲೇ ಬರೆಸಿದೆ.

ಅಲ್ಲಿ ನಡೆದುಕೊಳ್ಳುವ ನಿಯಮಗಳನ್ನು ಮಕ್ಕಳು ಬೇಗ ಕಲಿತರು. ಉದ್ಯಾನದ ಜಾಗಗಳಿಗೆ ಪರವಾನಗಿ ಇರುವ ಮಾರ್ಗದರ್ಶಿಯ ಜೊತೆ ಗುರುತು ಹಾಕಿದ ದಾರಿಯಲ್ಲೇ ನಡೆಯಬೇಕು. ಪ್ರಾಣಿಯಿಂದ ಎರಡು ಮೀಟರ್ ದೂರ ನಿಲ್ಲಬೇಕು. ಅದಾಗಿ ಹತ್ತಿರ ಬಂದರೆ ನಾವೇ ಹಿಂದೆ ಸರಿಯಬೇಕು. ಮುಟ್ಟುವಂತಿಲ್ಲ, ತಿನ್ನಿಸುವಂತಿಲ್ಲ, ಫ್ಲಾಶ್ ಹಾಕುವಂತಿಲ್ಲ. ಕಲ್ಲಾಗಲಿ ಚಿಪ್ಪಾಗಲಿ ನೆನಪಿಗೆಂದು ಜೇಬಿಗಿಳಿಸುವಂತಿಲ್ಲ.

ಪೋಷಕರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಈಕ್ವೆಡಾರ್ ಇದೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಅಧಿಕಾರ ಕೊಟ್ಟ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಆ ನೋಟ್‌ಬುಕ್ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿದೆ. ಕೇಳಿದವರಿಗೆ ಕೊಡುತ್ತೇನೆ, ಓದಿ ಮರಳಿಸಿ. ಖರ್ಚಿನ ಪುಟದಲ್ಲಿ ಒಂದು ಕಾಟು ಕಾಣುತ್ತದೆ. ಉದ್ಯಾನದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ 100 ಡಾಲರ್ ಎಂದು ಮಕ್ಕಳು ಮೊದಲು ಬರೆದಿದ್ದರು. 2024ರ ಆಗಸ್ಟ್‌ನಲ್ಲಿ ಅದು 200 ಆಯಿತು, ಹನ್ನೆರಡು ವರ್ಷದೊಳಗಿನವರಿಗೆ ಅರ್ಧ. ನಿಮ್ಮಲ್ಲಿ ಯಾರಾದರೂ ನಿಜವಾಗಿ ಹೊರಟರೆ ಆ ಪುಟವನ್ನು ಇನ್ನೊಮ್ಮೆ ವಿಚಾರಿಸಿ ತಿದ್ದಿಕೊಳ್ಳಿ. ಬಂದ ಮೇಲೆ ನೋಟ್‌ಬುಕ್‌ನಲ್ಲಿ ಖಾಲಿ ಉಳಿದಿರುವ ಹಾಳೆಗಳಲ್ಲಿ ಕಂಡದ್ದನ್ನು ಬರೆದುಕೊಡಿ.