ಹಂದರದ ಹೊರಗೆ ನಿಂತ ಇಬ್ಬರು

(ಹನುಮಸಾಗರದಲ್ಲಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಸಭೆಗೆ ಜನ ಕಡಿಮೆ. ಅದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಬಸವ ಜಯಂತಿಯಿಂದೀಚೆಗೆ ಈ ಊರಲ್ಲಿ ಹಂದರವಿಲ್ಲದ ಓಣಿಯೇ ಇಲ್ಲ. ಬಂದವರಲ್ಲಿಯೂ ಅರ್ಧ ಜನ ಲಗ್ನದ ಊಟ ಉಂಡು ನಿದ್ದೆಗಣ್ಣಿನಲ್ಲಿ ಕೂತಿದ್ದೀರಿ. ಆದುದರಿಂದ ಬೆಲೆಯೇರಿಕೆಯ ಮೇಲೆ ಸಿದ್ಧಮಾಡಿಕೊಂಡು ಬಂದ ಭಾಷಣವನ್ನು ಬದಿಗಿಟ್ಟು ಲಗ್ನದ ಮಾತನ್ನೇ ಆಡುತ್ತೇನೆ.

ಹೋದ ವಾರ ಇಬ್ಬರು ನನ್ನ ಬಳಿ ಬಂದಿದ್ದರು. ಹುಡುಗ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಾನೆ. ಹುಡುಗಿ ಮನೆಯಲ್ಲಿ ಮಿಷನ್ ಇಟ್ಟುಕೊಂಡು ಕುಬಸ ಹೊಲಿಯುತ್ತಾಳೆ. ಹೆಸರು ಹೇಳುವುದಿಲ್ಲ, ನೀವು ಹುಡುಕಲೂ ಹೋಗಬೇಡಿರಿ. ಇಬ್ಬರೂ ಪ್ರಾಯಕ್ಕೆ ಬಂದವರು, ಒಬ್ಬರನ್ನೊಬ್ಬರು ಮೆಚ್ಚಿದವರು. ಎರಡೂ ಮನೆಯವರು ಒಪ್ಪಿದ್ದಾರೆ. ಅವರ ಜೊತೆ ಶಾಲೆ ಕಲಿತವರ ಕೂಸುಗಳು ಈಗ ಅಂಗನವಾಡಿಗೆ ಹೋಗುತ್ತಿವೆ. ಇವರು ಮಾತ್ರ ಎರಡು ವರ್ಷದಿಂದ ಮುಹೂರ್ತ ಮುಂದೂಡುತ್ತಲೇ ಇದ್ದಾರೆ. ಹುಡುಗನಲ್ಲಿ ಏನೋ ಐಬು ಇದೆ ಎಂದು ಓಣಿಯವರು ಆಡಿಕೊಂಡರು. ಹುಡುಗಿಯ ಜಾತಕದಲ್ಲಿ ಕುಜ ಇದ್ದಾನೆ ಎಂದರು. ಕುಜನೂ ಇಲ್ಲ, ಐಬೂ ಇಲ್ಲ. ಇದ್ದದ್ದು ಸಂಶಯ.

ಹುಡುಗನ ಸಂಶಯ ನಮಗೆಲ್ಲ ಬೇಗ ತಿಳಿಯುವಂಥದು. ಅವನ ಅಣ್ಣನ ಲಗ್ನಕ್ಕೆ ಸಾಲ ತಂದರು. ಅದನ್ನು ತೀರಿಸಲು ಗಂಡಹೆಂಡತಿ ಇಬ್ಬರೂ ಮೇಸ್ತ್ರಿಯಿಂದ ಮುಂಗಡ ಹಿಡಿದು ಮಂಗಳೂರಿಗೆ ಗುಳೆ ಹೋದರು. ಹಚ್ಚಿದ ಅರಿಶಿಣ ಮಾಸುವ ಮೊದಲೇ ಸಿಮೆಂಟು ಹೊತ್ತರು. ಬಡ್ಡಿ ತೀರಿತು, ಅಸಲು ಉಳಿಯಿತು, ಮರುವರ್ಷ ಮತ್ತೆ ಮುಂಗಡ. ಜೀತ ಪದ್ಧತಿ ರದ್ದು ಮಾಡುವ ಕಾನೂನು 1976ರಲ್ಲಿಯೇ ಬಂದಿದೆ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದು ಅದರ ಪ್ರಕಾರ ಅಪರಾಧ. ಆದರೆ ಮಳೆಯನ್ನೇ ನಂಬಿದ ಕುಷ್ಟಗಿ ಸೀಮೆಯ ಮನೆಯವನು ಮಾನಕ್ಕೆ ಅಂಜಿ ತಾನೇ ಹೋಗಿ ಕೊರಳೊಡ್ಡಿದರೆ ಕಾನೂನು ಯಾರನ್ನು ಹಿಡಿಯಬೇಕು? "ಸರ, ಒಂದಿನದ ಊಟಕ್ಕ ಮೂರು ವರ್ಷದ ದುಡಿಕಿ ಹಾಕೂದು ಯಾವ ಲೆಕ್ಕರೀ?" ಎಂದ ಹುಡುಗ.

ನನಗೆ ಹುರುಪು ಬಂತು. ಎಷ್ಟಾದರೂ ನಾನು ಮೊದಲು ಮಾಸ್ತರ. ಪಾಠ ಮಾಡುವ ಚಟ ಬಿಟ್ಟಿಲ್ಲ. ವರದಕ್ಷಿಣೆ ನಿಷೇಧ ಕಾನೂನು 1961ರದು, ತೆಗೆದುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ತಪ್ಪು ಎಂದು ಆರಂಭಿಸಿದೆ. ಹುಡುಗಿ ತಡೆದಳು. "ಸರ, ಇವರು ವರದಕ್ಷಿಣಿ ಕೇಳೇ ಇಲ್ರೀ. ನನ್ನ ಸಂಶೇ ಬ್ಯಾರೆ ಐತಿ. ಲಗ್ನ ಆದಮ್ಯಾಲ ನನ್ನ ಮಿಷನ್ನಿನ ರೊಕ್ಕ ಯಾರದು?"

ನಾನು ಸುಮ್ಮನಾದೆ. ಅವಳ ಅಕ್ಕನೂ ಹೊಲಿಯುತ್ತಿದ್ದಳಂತೆ. ಲಗ್ನವಾದ ತಿಂಗಳೊಳಗೆ ಮಿಷನ್ ಅಟ್ಟ ಸೇರಿತು. ಹೊರಗಿನವರು ಅಳತೆ ಕೊಡಲು ಬಂದುಹೋಗುವುದು ಅತ್ತೆಯ ಮನೆಗೆ ಸರಿಕಾಣಲಿಲ್ಲ. ಈಗ ಅಕ್ಕ ತವರಿಗೆ ಬರಬೇಕೆಂದರೆ ಅಪ್ಪಣೆ ಬೇಕು. 2023ರಲ್ಲಿ ಸರ್ಕಾರ ಹೆಂಗಸರಿಗೆ ಬಸ್ಸಿನ ಟಿಕೀಟು ಮಾಫಿ ಮಾಡಿತು. ಅಪ್ಪಣೆಯನ್ನು ಮಾಫಿ ಮಾಡುವುದು ಅದರ ಕೈಯಲ್ಲಿರಲಿಲ್ಲ. "ಇವರು ಚಲೋರು ಅದಾರ್ರೀ. ಆದ್ರ ಇವರು ಚಲೋ ಇರೂ ತನಕಾ ಅಷ್ಟ ನಾನು ಚಲೋ ಇರಬೇಕೇನ್ರೀ?" ಎಂದು ಕೇಳಿದಳು. ಪಕ್ಕದಲ್ಲಿ ಕೂತ ಹುಡುಗ ತಲೆ ತಗ್ಗಿಸಿದ. ಸಿಟ್ಟಾಗಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಲಗ್ನದಲ್ಲಿ ನಾನು ವರದಕ್ಷಿಣೆ ಮುಟ್ಟಲಿಲ್ಲ. ಅದನ್ನು ಎಷ್ಟೋ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳಿದ್ದೇನೆ. ಆದರೆ ಶಾಲೆಯ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ನಿಂತ ದಿನ ಮನೆಯವಳನ್ನು ಒಂದು ಮಾತು ಕೇಳಲಿಲ್ಲ. ಇದನ್ನು ಯಾವ ಸಭೆಯಲ್ಲಿಯೂ ಹೇಳಿರಲಿಲ್ಲ. ಅವಳು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ.

ಲಗ್ನದ ಪ್ರಶ್ನೆ ನಮ್ಮ ನಾಡಿಗೆ ಹೊಸದೇನಲ್ಲ. 12ನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಸಂಬಂಧ ಬೆಳೆದಾಗ ಕಲ್ಯಾಣವೇ ನಡುಗಿತು. ತಂದೆಯರಿಬ್ಬರೂ ಎಳೆಹೂಟೆಗೆ ಬಲಿಯಾದರೆಂದು ಶರಣರ ಕಥನ ಹೇಳುತ್ತದೆ. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ರೀತಿಯನ್ನು ರೂಪಿಸಿ 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿದರು. ಪುರೋಹಿತರಿಲ್ಲ, ಆಡಂಬರವಿಲ್ಲ, ಗಂಡುಹೆಣ್ಣು ಸಮಾನರೆಂದು ಇಬ್ಬರೂ ಪ್ರತಿಜ್ಞೆ ಮಾಡುತ್ತಾರೆ. ಸಾಮೂಹಿಕ ವಿವಾಹಗಳೂ ಉಪಕಾರ ಮಾಡಿವೆ. ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದಿವೆ, ನಮ್ಮ ಕಡೆಯ ಮಠಗಳಲ್ಲಿಯೂ ನಡೆಯುತ್ತವೆ. ಆದರೆ ಮಠದಲ್ಲಿ ಅಕ್ಕಿಕಾಳು ಬಿದ್ದ ಮೇಲೆ ಊರಿಗೆ ಬಂದು ಸಾಲ ಮಾಡಿ ಮತ್ತೊಂದು ಊಟ ಹಾಕಿಸಿದವರನ್ನು ನಾನೇ ಬಲ್ಲೆ. ಅಲ್ಲದೆ ಇವೆಲ್ಲ ಹುಡುಗನ ಪ್ರಶ್ನೆಗೆ ಉತ್ತರವಾದವು. ಹುಡುಗಿಯದು ಉಳಿಯಿತು.

ಅವಳಿಗೆ ನಾನು ಹೇಳಿದ್ದು ಇಷ್ಟು. ನಿನ್ನ ದುಡಿಮೆ ನಿನ್ನದೇ, ಕಾನೂನಿನಲ್ಲಿ ಅದು ಗಂಡನದಾಗುವುದಿಲ್ಲ. ತವರಿನ ಪಾಲೂ ಲಗ್ನದಿಂದ ಹೋಗುವುದಿಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಲಗ್ನವಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು; ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲಗ್ನದ ಖರ್ಚನ್ನೇ ನಿನ್ನ ಪಾಲೆಂದು ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಕೇಳಿದರೆ ಒತ್ತಬೇಡ. 1954ರ ವಿಶೇಷ ವಿವಾಹ ಕಾನೂನಿನಂತೆ ನೋಟೀಸು ಕೊಟ್ಟು 30 ದಿವಸ ಕಾಯ್ದು, ಮೂವರು ಸಾಕ್ಷಿಗಳ ಮುಂದೆ ಸಹಿ ಮಾಡಿದರೂ ಅದು ಪೂರ್ಣ ಲಗ್ನವೇ. ಲಗ್ನವಿಲ್ಲದೆ ಕೂಡಿ ಇರಬಹುದೇ ಎಂದೂ ಕೇಳಿದಳು. ಅಂಥ ಹೆಂಗಸಿಗೂ 2005ರ ಕೌಟುಂಬಿಕ ಹಿಂಸೆ ಕಾನೂನು ರಕ್ಷಣೆ ಕೊಡುತ್ತದೆ, ಆದರೆ ಈ ಊರಲ್ಲಿ ಬಾಡಿಗೆಗೆ ಮನೆ ಸಿಗುವುದು ಕಷ್ಟ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ವ್ಯಾಪಾರಸ್ಥ ಮಿತ್ರರು ಮುಖ ಸಣ್ಣ ಮಾಡುತ್ತಿರುವುದು ಕಾಣುತ್ತಿದೆ. ಲಗ್ನ ಸಣ್ಣದಾದರೆ ಅರಿವೆ ಅಂಗಡಿ, ಕಿರಾಣಿ ಅಂಗಡಿ ನಡೆಯುವುದು ಹೇಗೆ ಎಂಬುದು ನಿಮ್ಮ ಚಿಂತೆ. ಸರಿ, ಇಂದು ಮನೆಗೆ ಹೋಗಿ ಉದ್ರಿ ಪುಸ್ತಕ ತೆಗೆಯಿರಿ. ಲಗ್ನದ ಬಾಕಿ ಎಷ್ಟು ನಿಂತಿದೆ, ಬಾಕಿದಾರರಲ್ಲಿ ಎಷ್ಟು ಜನ ಗುಳೆ ಹೋಗಿದ್ದಾರೆ, ಎಣಿಸಿ ನೋಡಿರಿ. ಒಂದು ಸಲ ದೊಡ್ಡ ಗಿರಾಕಿಯಾಗಿ ಊರು ಬಿಟ್ಟವನು ಮೇಲೋ, ವರ್ಷವಿಡೀ ಬೇಳೆ ಎಣ್ಣೆ ನಗದಿನಲ್ಲಿ ಒಯ್ಯುವವನು ಮೇಲೋ?

ಆ ಇಬ್ಬರು ಇನ್ನೂ ನಿಶ್ಚಯ ಮಾಡಿಲ್ಲ. ಮಾಡಿರೆಂದು ನಾನು ಒತ್ತಾಯಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಿಷನ್ ಎಲ್ಲಿ ಇಡುವುದು, ಅವಳ ಬ್ಯಾಂಕ್ ಪುಸ್ತಕ ಯಾರ ಕೈಯಲ್ಲಿರುವುದು, ಸಾಲ ಮಾಡುವುದಾದರೆ ಇಬ್ಬರನ್ನೂ ಕೇಳಿ ಮಾಡುವುದು, ಇವನ್ನು ಎರಡೂ ಮನೆಯ ಹಿರಿಯರ ಮುಂದೆ ಆಡಿಬಿಡೋಣ ಎಂದು ಹುಡುಗನೇ ಹೇಳಿದ. ಬರುವ ಅಮಾವಾಸ್ಯೆಯ ಮರುದಿನ ಕೂಡುತ್ತೇವೆ. ನನ್ನನ್ನು ಕರೆದಿದ್ದಾರೆ. ನನ್ನ ಮನೆಯವಳನ್ನೂ ಕರೆತರಬೇಕೆಂದು ಹುಡುಗಿ ಹೇಳಿ ಕಳಿಸಿದ್ದಾಳೆ.