ಕಾಲಿನ ರಕ್ತ ಮೇಲೆ ಹತ್ತುವುದು ಹೇಗೆ?



ನಮ್ಮಲ್ಲಿ ಎಷ್ಟೋ ಜನಕ್ಕೆ ನಿಂತೇ ಕೆಲಸ. ಯಶವಂತಪುರದ ಕಡೆ ಗಾರ್ಮೆಂಟ್ಸಿನಲ್ಲಿ ಇಸ್ತ್ರಿ ಮಾಡೋರು ನಿಂತೇ ಇರ್ತಾರೆ. ಆರ್.ಟಿ. ನಗರದ ಮನೆಗಳಲ್ಲಿ ಪಾತ್ರೆ ತೊಳೆಯೋರು ನಿಂತೇ ಇರ್ತಾರೆ. ಪಾಠ ಹೇಳುವ ನಾವೂ ಅಷ್ಟೇ. ಸಂಜೆಗೆ ಕಾಲು ಭಾರ. ಕೆಲವರ ಕಾಲಲ್ಲಿ ನೀಲಿ ಗೆರೆಗಳು ಸುತ್ತಿಕೊಂಡು ಉಬ್ಬಿರುತ್ತವೆ. "ನರ ಉಬ್ಬಿದೆ" ಅಂತೀವಿ. ಅದು ನರವಲ್ಲ, ರಕ್ತ ಹರಿಯುವ ಕೊಳವೆ. ಅದರ ಹೆಸರು ಸಿರೆ.

ಹೃದಯ ಕಾಲಿಗೆ ರಕ್ತ ಕಳಿಸುತ್ತೆ. ಆ ರಕ್ತ ಸಿರೆಗಳಲ್ಲಿ ವಾಪಸ್ ಹೋಗುತ್ತೆ. ಚರ್ಮದ ಕೆಳಗೆ ಎರಡು ಮುಖ್ಯ ಸಿರೆಗಳಿವೆ. ಉದ್ದನೆಯದು ಪಾದದ ಒಳಮಗ್ಗುಲಿನಿಂದ ತೊಡೆಯ ಸಂದಿನವರೆಗೆ ಹೋಗುತ್ತೆ. ಗಿಡ್ಡದ್ದು ಹೊರಮಗ್ಗುಲಿನಿಂದ ಮಂಡಿಯ ಹಿಂದಕ್ಕೆ ಹೋಗುತ್ತೆ. ಆಳದಲ್ಲಿ ಇನ್ನೂ ದೊಡ್ಡ ಸಿರೆಗಳಿವೆ. ಹೆಚ್ಚು ರಕ್ತ ಹೋಗುವುದು ಅವುಗಳಲ್ಲೇ.

ಸಂಪಿನ ನೀರು ಟ್ಯಾಂಕಿಗೆ ಹತ್ತಲು ಮೋಟಾರು ಬೇಕು, ಅಲ್ಲವೇ? ಕಾಲಿನ ಮೋಟಾರು ಯಾವುದು? ಮಂಡಿಯ ಕೆಳಗೆ, ಹಿಂಭಾಗದ ಮೀನಖಂಡ. ನಡೆದಾಗ ಅದು ಸಿರೆಯನ್ನು ಹಿಂಡುತ್ತೆ, ರಕ್ತ ಮೇಲೇರುತ್ತೆ. ಸಿರೆಯೊಳಗೆ ಪುಟ್ಟ ಬಾಗಿಲುಗಳಿವೆ. ಅವೇ ಕವಾಟಗಳು. ಅವು ರಕ್ತವನ್ನು ಮೇಲಕ್ಕೆ ಬಿಡುತ್ತವೆ, ಕೆಳಕ್ಕೆ ಬಿಡುವುದಿಲ್ಲ. ಕದಲದೆ ನಿಂತರೆ ಮೋಟಾರು ಆಫ್ ಆದಂತೆ. ಕವಾಟ ಕೆಟ್ಟರೆ ರಕ್ತ ಕೆಳಗೇ ನಿಂತು ಸಿರೆ ಉಬ್ಬುತ್ತೆ. ಬಸುರಿಯಾದಾಗ ಇದು ಹೆಚ್ಚು. ತಾಯಿಗಿದ್ದರೆ ಮಗಳಿಗೂ ಬರಬಹುದು.

ನಮ್ಮ ತರಗತಿಯ ಒಬ್ಬ ಅಕ್ಕನಿಗೆ ಹರಡಿನ ಹತ್ತಿರ ಗಾಯವಾಗಿತ್ತು. ಅರಿಸಿನ ಮೆತ್ತಿ, ಸೀರೆಯಂಚಿನಲ್ಲಿ ಮುಚ್ಚಿ, ಒಂದು ವರ್ಷ ಓಡಾಡಿದರು. "ಡಾಕ್ಟರಿಗೆ ಕಾಲು ತೋರಿಸೋಕೆ ನಾಚಿಕೆ ಕಣಮ್ಮ" ಅಂದರು. ನಾವು ಜೊತೆಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಬಿಗಿಯಾದ ಪಟ್ಟಿ ಕಟ್ಟಿಸಿದರು. ನಿಧಾನವಾಗಿ ಗಾಯ ಮಾಯಿತು.

ನಾವೇನು ಮಾಡೋಣ? ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸೋಣ. ಬಿಡುವಾದಾಗ ನಾಲ್ಕು ಹೆಜ್ಜೆ ನಡೆಯೋಣ. ಮಲಗುವಾಗ ಕಾಲಿನ ಕೆಳಗೆ ದಿಂಬಿಡೋಣ.

ಉಬ್ಬಿದ ಸಿರೆ ಒಡೆದು ರಕ್ತ ಸುರಿದರೆ ನಿಂತಿರಬೇಡಿ. ಮಲಗಿ ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ. ಶುಭ್ರ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹಗ್ಗ ಬಿಗಿಯಬೇಡಿ. 108ಕ್ಕೆ ಫೋನ್ ಮಾಡಿಸಿ. ಒಂದೇ ಕಾಲು ದಿಢೀರನೆ ಊದಿ ನೋವಾದರೆ, ಸಿರೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಾಲು ಉಜ್ಜಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ತಿಳಿಸಿ.

ಇ.ಎಸ್.ಐ. ಕಾರ್ಡ್ ಇದ್ದರೆ ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ತೋರಿಸಿ. ಇಲ್ಲದವರಿಗೆ ಮಲ್ಲೇಶ್ವರದಲ್ಲಿ ಸರ್ಕಾರದ ಕೆ.ಸಿ. ಜನರಲ್ ಆಸ್ಪತ್ರೆ ಇದೆ.

ನಮ್ಮನ್ನು ಹೊತ್ತು ನಡೆಯುವುದು ಈ ಕಾಲೇ. ಇವತ್ತು ರಾತ್ರಿ ದೀಪದ ಬೆಳಕಲ್ಲಿ ಅದನ್ನೊಮ್ಮೆ ನೋಡಿಕೊಳ್ಳೋಣ. ನಾಚಿಕೆ ಬೇಡ.